ಊಟ ಆತೇನ ಎಂದು ಕೇಳಿದ ಅಕ್ಕನಿಗೆ

ಗದಗ, ೨೨೧೧ನೆಯ ಇಸವಿ
ಭಾನುವಾರ ಮುಗಿದು ಸೋಮವಾರ ಇನ್ನೂ ಬಾರದ ಬಿಡುವಾರ

ಮಾನ್ಯ ದಾನೇಶ್ವರಿ ಅಕ್ಕನವರಿಗೆ,

ಮೇಲೆ ಬರೆದಿರುವ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ವರ್ಷದ ದಿನಗಳನ್ನು ಏಳೇಳಾಗಿ ಕಟ್ಟಿಟ್ಟರೆ ಕೊನೆಗೆ ಒಂದು ದಿನ ಮಿಕ್ಕುತ್ತದೆ. ನಿಮ್ಮ ಕಾಲದವರು ಅದನ್ನು ಮುಂದಿನ ವಾರದೊಳಗೆ ತುರುಕುತ್ತಿದ್ದರಂತೆ. ನಾವು ಅದನ್ನು ಯಾವ ವಾರಕ್ಕೂ ಸೇರಿಸದೆ ಬಿಟ್ಟಿದ್ದೇವೆ, ಅದಕ್ಕೇ ಬಿಡುವಾರ. ಅಂದು ಊರಿನ ತೆರೆಗಳೆಲ್ಲ, ನಿಮ್ಮ ಮಾತಿನಲ್ಲಿ ಸ್ಕ್ರೀನುಗಳೆಲ್ಲ, ಮುಚ್ಚಿರುತ್ತವೆ. ಜನ ಹಿಂದೋಲೆ ಬರೆಯುತ್ತಾರೆ. ಹಿಂದೋಲೆ ಎಂದರೆ ಆಗಿ ಹೋದವರಿಗೆ ಬರೆಯುವ ಪತ್ರ. ಸಂಜೆ ಕಪ್ಪತಗುಡ್ಡದ ಕಡೆಗೆ ಮುಖ ಮಾಡಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆದು, ನೀವು ಯಾಕೆ ಆ ಬಾವಿ ಮುಚ್ಚಿಸಿದಿರಿ ಎಂದು ಜಗಳ ತೆಗೆಯುತ್ತಾರೆ. ನನಗೆ ನಾಲ್ಕು ಜನರ ಮುಂದೆ ಬಾಯಿ ಏಳುವುದಿಲ್ಲ. ಆದ್ದರಿಂದ ಇಷ್ಟು ವರ್ಷ ನಾನು ಹಿಂದೋಲೆ ಬರೆದೇ ಇರಲಿಲ್ಲ. ಇದೇ ಮೊದಲು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕೆಲವು ಪದಗಳು ನಿಮ್ಮ ನಂತರ ಹುಟ್ಟಿದವು, ಕೆಲವು ಅರ್ಥ ಬದಲಿಸಿವೆ. ಅವುಗಳಲ್ಲಿ ಒಂದು ನಿಮ್ಮ ಬಾಯಿಂದಲೇ ಬಂದದ್ದು. ಅದರ ಕಥೆಯನ್ನು ಹೇಳಲೆಂದೇ ಈ ಪತ್ರ. ಮತ್ತೆ, ನಾನು ಓದಿದ್ದು ಐದನೆಯ ತರಗತಿಯವರೆಗೆ ಮಾತ್ರ. ಆ ವರ್ಷ ಬಿರುಗಾಳಿಗೆ ನಮ್ಮೂರಿಗೆ ಕರೆಂಟು ಕೊಡುವ ಗಾಳಿಕಂಬಗಳು ಬಿದ್ದವು. ದೊಡ್ಡವರೆಲ್ಲ ಅವನ್ನು ಎತ್ತಲು ಹೋದರು, ಮಕ್ಕಳು ಮನೆ ನೋಡಿಕೊಂಡೆವು. ಶಾಲೆ ಮತ್ತೆ ತೆರೆಯುವಷ್ಟರಲ್ಲಿ ನಾನು ತರಗತಿಯವರಿಗಿಂತ ಒಂದು ತಲೆ ಎತ್ತರವಾಗಿದ್ದೆ, ಒಳಗೆ ಹೋಗಿ ಕೂರಲು ನಾಚಿಕೆಯಾಯಿತು. ಹಾಗಾಗಿ ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ.

ನೀವು ಯಾರು ಎಂಬುದು ನಮಗೆ ಅಷ್ಟಾಗಿ ತಿಳಿಯದು. ಹುಬ್ಬಳ್ಳಿಯ ಒಂದು ಕಟ್ಟಡದಲ್ಲಿ ಕುಳಿತು, ಲೋಕದ ಜನ ತಮ್ಮ ಫೋನಿನಿಂದ ಹರಿಯಬಿಟ್ಟ ಚಿತ್ರಗಳನ್ನು, ವಿಡಿಯೊಗಳನ್ನು ಒಂದೊಂದಾಗಿ ನೋಡಿ, ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಹೇಳುವ ಕೆಲಸ ನಿಮ್ಮದಾಗಿತ್ತು. ಹೊಡೆತ, ಕೊಲೆ, ಮಕ್ಕಳ ಅಳು, ಎಲ್ಲವೂ ನಿಮ್ಮ ಕಣ್ಣಿನ ಮುಂದೆ ಹಾದು ಹೋಗುತ್ತಿದ್ದವು. ನೋಡಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದಿರಿ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಆಮೇಲೆ ಬಸ್ಸು ಹಿಡಿದು ಮನೆಗೆ ಹೋಗಿ ನಿಮ್ಮ ಮಕ್ಕಳಿಗೆ ಸ್ನಾನ ಮಾಡಿಸುವಾಗ ನಿಮ್ಮ ಕೈ ತಡೆದು ನಿಲ್ಲುತ್ತಿತ್ತೇನೋ. ಇದು ನನ್ನ ಊಹೆ. ಅಂದಿನ ಜನ ಬೆಳಿಗ್ಗೆ ಎದ್ದು ಫೋನು ತೆರೆದರೆ ರಂಗೋಲಿ, ಅಡುಗೆ, ಕುಣಿಯುವ ಮಕ್ಕಳು ಕಾಣುತ್ತಿದ್ದವಂತೆ. ಅವರಿಗೆ ಏನು ಕಾಣಲಿಲ್ಲವೋ ಅದೇ ನಿಮ್ಮ ಕೆಲಸ. ಕಾಣದೆ ಹೋದದ್ದಕ್ಕೆ ಯಾರು ಯಾರನ್ನು ಹೊಗಳುತ್ತಾರೆ? ನಮ್ಮೂರಿನಲ್ಲಿ ಈಗ ಹೊಗಳುತ್ತೇವೆ. ಅದನ್ನು ನಿಮಗೆ ಮೊದಲು ತಿಳಿಸಿಬಿಡಬೇಕು ಅನಿಸಿತು.

ನಿಮ್ಮ ನಂತರ ಬಹಳ ಕಾಲ ಈ ಕೆಲಸವನ್ನು ಯಂತ್ರಗಳಿಗೆ ಬಿಟ್ಟರು. ನಾವು ಅದಕ್ಕೆ ಯಾರೂ ನೋಡದ ವರ್ಷಗಳು ಎನ್ನುತ್ತೇವೆ. ಅಂಗಳದಲ್ಲಿ ಮಗನ ಹಿಂದೆ ಓಡುತ್ತ ಕೊಂದ್ ಹಾಕ್ತೀನಿ ನೋಡ ನಿನ್ನ ಎಂದು ನಗುವ ತಾಯಿಯ ವಿಡಿಯೊವನ್ನು ಯಂತ್ರ ತೆಗೆದುಹಾಕುತ್ತಿತ್ತು. ಮೆಲ್ಲಗೆ, ಮರ್ಯಾದೆಯಿಂದ, ನಿಮ್ಮ ಮಗಳು ಯಾವ ದಾರಿಯಲ್ಲಿ ಮನೆಗೆ ಬರ್ತಾಳ್ರಿ ಎಂದು ಕೇಳುವ ಧ್ವನಿಯನ್ನು ಹಾಗೇ ಬಿಡುತ್ತಿತ್ತು. ಎಷ್ಟೋ ಮನೆಗಳು ಹಾಳಾದ ಮೇಲೆ ಜನ, ಇಲ್ಲ, ಇದನ್ನು ಮನುಷ್ಯರೇ ನೋಡಬೇಕು ಎಂದು ನಿರ್ಧರಿಸಿದರು. ನೋಡುವುದಾದರೆ ಹೇಗೆ ನೋಡಬೇಕು ಎಂಬ ಪ್ರಶ್ನೆ ಎದ್ದಾಗ ಹಿಂದಿನವರು ಏನು ಮಾಡುತ್ತಿದ್ದರು ಎಂದು ಹುಡುಕಿದರು. ಆಗ ಸಿಕ್ಕಿದ್ದು ನಿಮ್ಮ ದನಿ.

ನಿಮ್ಮ ದನಿಯ ವಿಷಯಕ್ಕೆ ಬರುವ ಮುಂಚೆ ನಮ್ಮ ನೋಡುಮನೆ ಹೇಗಿದೆ ಎಂದು ಹೇಳುತ್ತೇನೆ. ಊರಿಗೊಂದು ನೋಡುಮನೆ ಇರುತ್ತದೆ. ಗದಗಿನದು ಹಳೆಯ ಹತ್ತಿ ಗಿರಣಿಯ ಕಲ್ಲಿನ ಶೆಡ್ಡಿನಲ್ಲಿದೆ. ಎತ್ತರದ ಸೂರು, ದೊಡ್ಡ ಕಿಟಕಿಗಳು, ಬಾಗಿಲ ಬಳಿ ನೀರಿನ ಕೊಡ. ಹೊರಗೆ ಹಾಯಿಬಂಡಿಗಳ ನಿಲ್ದಾಣ. ಹಾಯಿಬಂಡಿ ಎಂದರೆ ಗಾಳಿಗೆ ಓಡುವ ಬಂಡಿ, ನಿಮ್ಮ ಬಸ್ಸಿನ ಮೊಮ್ಮಗು ಎನ್ನಬಹುದು. ಗಾಳಿ ಬಿದ್ದರೆ ಎಲ್ಲರೂ ಇಳಿದು ತಳ್ಳಬೇಕು, ಅಷ್ಟೇ ವ್ಯತ್ಯಾಸ. ಒಂದೊಂದು ಊರಿನ ಬಂಡಿಗೆ ಒಂದೊಂದು ಗಂಟೆ. ಗದಗಿನದು ದಪ್ಪ ದನಿ, ಲಕ್ಷ್ಮೇಶ್ವರದ್ದು ತೆಳ್ಳಗೆ, ಮುಂಡರಗಿಯದು ಸೀಳಿದ ಹಾಗೆ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರು ತಲೆ ಎತ್ತದೆಯೇ ಯಾವ ಊರಿನ ಬಂಡಿ ಬಂತೆಂದು ಹೇಳುತ್ತಾರೆ.

ನೋಡುಮನೆಯಲ್ಲಿ ಒಬ್ಬರೇ ಕೂತು ನೋಡುವುದಿಲ್ಲ. ತೆರೆಯ ಮುಂದೆ ಕೂರುವವಳು ತೆರೆಗಾರ್ತಿ. ಅವಳ ಎದುರಿಗೆ, ತೆರೆಗೆ ಬೆನ್ನು ಕೊಟ್ಟು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುವವಳು ಎದುರುಗಾರ್ತಿ. ಅವಳು ತೆರೆಯನ್ನು ಎಂದೂ ನೋಡುವುದಿಲ್ಲ, ತೆರೆಗಾರ್ತಿಯ ಮುಖವನ್ನು ಮಾತ್ರ ನೋಡುತ್ತಾಳೆ. ನಾನು ಎದುರುಗಾರ್ತಿ. ನಾಚಿಕೆಯವರು ಜನರ ಮುಖ ನೋಡುವುದಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ನೋಡುತ್ತೇವೆ, ಆದರೆ ಕದ್ದು. ಇಲ್ಲಿ ಬಂದ ಮೇಲೆ ರಾಜಾರೋಷವಾಗಿ ನೋಡಬಹುದು, ಅದೇ ಕೆಲಸ.

ತೆರೆಗಾರ್ತಿಯ ಕೈಗೆ ಏನಾದರೂ ಕೊಡಬೇಕು ಎಂಬುದು ನಮ್ಮ ಪದ್ಧತಿ. ನಮ್ಮ ಕಡೆ ಶೇಂಗಾ ಕೊಡುತ್ತಾರೆ. ನೋಡುತ್ತ ನೋಡುತ್ತ ಅವಳು ಸುಲಿಯುತ್ತಿರುತ್ತಾಳೆ. ತೆರೆಯ ಮೇಲೆ ಕೆಟ್ಟದ್ದು ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ನಿಲ್ಲಬೇಕು. ಆಮೇಲೆ ಅವಳು ತೆಗಿ ಎನ್ನುತ್ತಾಳೆ ಅಥವಾ ಇರಲಿ ಎನ್ನುತ್ತಾಳೆ. ತೆಗಿ ಎನ್ನುವುದು ಸುಲಭ. ನೋಡಲು ಸಂಕಟವಾದರೂ ಊರಿಗೆ ಗೊತ್ತಾಗಲೇಬೇಕಾದ ಅನ್ಯಾಯ ಬಂದಾಗ ಇರಲಿ ಎನ್ನುವುದು ಕಷ್ಟ. ತಪ್ಪಿ ತೆಗಿ ಎಂದರೆ ಒಬ್ಬರ ಗೋಳು ಯಾರಿಗೂ ಕೇಳದೆ ಹೋಗುತ್ತದೆ. ತಪ್ಪಿ ಇರಲಿ ಎಂದರೆ ಒಬ್ಬರ ಮಾನ ಬೀದಿಗೆ ಬೀಳುತ್ತದೆ. ಎರಡೂ ತಪ್ಪನ್ನು ಹೊತ್ತುಕೊಂಡು ಅವರು ಮನೆಗೆ ನಡೆಯುತ್ತಾರೆ. ನೀವೂ ನಡೆದಿದ್ದೀರಿ.

ಬಹಳ ನೋಡಿದವಳ ಕೈ ಒಂದು ದಿನ ನಿಲ್ಲುವುದನ್ನು ಬಿಡುತ್ತದೆ. ತೆರೆಯ ಮೇಲೆ ಏನು ಬಂದರೂ ಸಿಪ್ಪೆ ಒಂದೇ ಸಮನೆ ಉದುರುತ್ತಿರುತ್ತದೆ. ಮುಖ ಅಲ್ಲಾಡುವುದಿಲ್ಲ. ಇದಕ್ಕೆ ನಾವು ಹೆಪ್ಪು ಎನ್ನುತ್ತೇವೆ. ಹಾಲು ಯಾವ ಗಳಿಗೆಯಲ್ಲಿ ಮೊಸರಾಯಿತು ಎಂದು ಪಕ್ಕದಲ್ಲೇ ಕೂತವರಿಗೂ ತೋರುವುದಿಲ್ಲ, ಹಾಗೆ. ಎದುರುಗಾರ್ತಿ ಇರುವುದೇ ಹೆಪ್ಪನ್ನು ಹಿಡಿಯಲಿಕ್ಕೆ. ಹಿಡಿದ ಮೇಲೆ ಅವಳು ಒಂದು ಮಾತು ಕೇಳಬೇಕು. ಕೇಳಿದ ತಕ್ಷಣ ತೆರೆಗಾರ್ತಿ ಎದ್ದು ಹೋಗಬೇಕು, ಮತ್ತೆ ಆ ಕುರ್ಚಿಗೆ ಬರಬಾರದು. ಆ ಮಾತು ನಿಮ್ಮದು. ಊಟ ಆತೇನ?

ನೀವು ನಗುತ್ತಿರಬಹುದು. ನಮಗೆ ಅದು ನಗುವ ಮಾತಲ್ಲ. ನಿಮ್ಮ ಕಾಲದಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಒಬ್ಬರನ್ನೊಬ್ಬರು ಹೀಗೆ ಕೇಳುತ್ತಿದ್ದರು ಎಂದು ಓದಿದ್ದೇನೆ, ನಂಬಲು ಕಷ್ಟವಾಗುತ್ತದೆ. ನಮ್ಮಲ್ಲಿ ಯಾರೂ ಅದನ್ನು ಸುಮ್ಮನೆ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕರೆ ಗಾಳಿ ಹೆಂಗೈತ್ರಿ ಎನ್ನುತ್ತೇವೆ. ನಮ್ಮವ್ವ ಊಟಕ್ಕೆ ಕರೆಯಬೇಕಾದರೆ ತಾಟ್ ಹಾಕ್ಲೇನ ಎನ್ನುತ್ತಾಳೆ. ಒಮ್ಮೆ ನಮ್ಮ ಓಣಿಯಲ್ಲಿ ತಿಳಿಯದ ಮಗುವೊಂದು ನೆಂಟರಿಗೆ ಊಟ ಆತೇನ ಎಂದು ಕೇಳಿ, ಬಂದವರು ಚಹಾ ಸಹ ಕುಡಿಯದೆ ಎದ್ದು ಹೋಗಿದ್ದರು.

ಇದು ಹೀಗಾದದ್ದು ನಿಮ್ಮ ಧ್ವನಿಮುದ್ರಣದಿಂದ. ನಿಮ್ಮ ಕೋಣೆಯಲ್ಲಿ ಯಾರೋ ಮೈಕು ಮುಚ್ಚಲು ಮರೆತಿದ್ದರು. ಆ ಚೂರು ಹೇಗೋ ಉಳಿದುಕೊಂಡು ನಮ್ಮವರೆಗೆ ಬಂದಿದೆ. ನೋಡುಮನೆಗೆ ಸೇರುವ ಪ್ರತಿಯೊಬ್ಬರೂ ಅದನ್ನು ಕೇಳಿಯೇ ಕೆಲಸ ಶುರು ಮಾಡಬೇಕು. ಮೊದಲು ಬೆರಳು ಗುಂಡಿ ಒತ್ತುವ ಸದ್ದು, ಬಹಳ ಹೊತ್ತು. ಆಮೇಲೆ ಸದ್ದು ನಿಲ್ಲುತ್ತದೆ. ಆಗ ನಿಮ್ಮ ದನಿ.

"ಯಾಕವಾ ಶಮೀಮಾ, ಒಮ್ಮಿಗೇ ಸುಮ್ನಾದಿ? ಊಟ ಆತೇನ?"

ಶಮೀಮಾ ಎಂಬ ಹುಡುಗಿಯ ದನಿ ಬಹಳ ಸಣ್ಣಗೆ ಬರುತ್ತದೆ. "ಇಲ್ರಿ ದಾನೇಶ್ವರಿ ಅಕ್ಕಾರ. ನನಗ ಬ್ಯಾಡ್ರಿ."

ಕುರ್ಚಿ ಎಳೆದ ಸದ್ದು. ಅಷ್ಟರ ಮೇಲೆ ಧ್ವನಿಮುದ್ರಣ ಕೆಟ್ಟಿದೆ, ಕರಕರ, ಕಟಕಟ ಎಂಬ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ನಮ್ಮ ಹಿರಿಯರು ಇದರಿಂದ ತೆಗೆದ ಅರ್ಥ ಇದು: ನೋಡಿ ದಣಿದವಳ ಕೈ ನಿಂತಿತು, ಜೊತೆಯವಳು ಗೊತ್ತು ಮಾಡಿಕೊಂಡ ಒಂದು ಮಾತು ಕೇಳಿದಳು, ದಣಿದವಳು ನನಗೆ ಈ ಕೆಲಸ ಬೇಡ ಎಂದಳು, ಕುರ್ಚಿ ಬಿಟ್ಟು ಎದ್ದು ಹೋದಳು. ಅದೇ ನಿಯಮವಾಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮ. ಅದರಿಂದ ಎಷ್ಟೋ ಹೆಂಗಸರು ಪೂರ್ತಿ ಕಲ್ಲಾಗುವ ಮುಂಚೆ ಮನೆ ಸೇರಿದ್ದಾರೆ.

ನನ್ನ ತೆರೆಗಾರ್ತಿಯ ಹೆಸರು ಫಕೀರವ್ವ. ನನಗಿಂತ ಬಹಳ ದೊಡ್ಡವರು, ನಾನು ಅಕ್ಕಾರ ಎನ್ನುತ್ತೇನೆ. ಗಟ್ಟಿ ಹೆಂಗಸು. ಮೊದಲ ದಿನ ನಾನು ನೆಲ ನೋಡುತ್ತ ಎದುರಿಗೆ ಕೂತಾಗ, "ಯವ್ವಾ, ನನ್ನ ಮಾರಿ ಮ್ಯಾಲೈತಿ, ನನ್ನ ಚಪ್ಪಲಿ ನೋಡಾಕ ನಿನಗ ಪಗಾರ ಕೊಡೂದಿಲ್ಲ" ಎಂದಿದ್ದರು. ಶೆಡ್ಡಿನವರೆಲ್ಲ ನಕ್ಕರು. ನನಗೆ ಭೂಮಿಯೊಳಗೆ ಇಳಿದು ಹೋಗುವ ಹಾಗಾಯಿತು, ಆದರೆ ಅಂದಿನಿಂದ ಅವರ ಮುಖ ಬಿಟ್ಟು ಬೇರೆ ನೋಡಿಲ್ಲ. ಕೆಟ್ಟದ್ದು ಬಂದರೆ ಅವರ ಎಡ ಹುಬ್ಬು ಸ್ವಲ್ಪ ಏರುತ್ತದೆ, ಬೆರಳುಗಳ ನಡುವೆ ಶೇಂಗಾ ಹಾಗೇ ನಿಲ್ಲುತ್ತದೆ. ಆಮೇಲೆ ಮಾತು. ಮನೆಗೆ ಹೋಗುವಾಗ ಸುಲಿದ ಶೇಂಗಾದಲ್ಲಿ ಒಂದು ಹಿಡಿ ನನ್ನ ಸೆರಗಿಗೆ ಸುರಿದು, ತಿನ್ನುತ್ತ ಹೋಗು ಎನ್ನುತ್ತಿದ್ದರು.

ಈ ವರ್ಷ ಸುಗ್ಗಿಯ ಮುಂಚೆ ಒಂದು ಮಗುವಿನ ವಿಡಿಯೊ ಚೂರುಗಳು ಬರಲು ಶುರುವಾದವು. ಯಾರೋ ಆ ಮಗುವನ್ನು ಎಲ್ಲೋ ಇಟ್ಟುಕೊಂಡು ತೊಂದರೆ ಕೊಡುತ್ತಿದ್ದರು, ಬಿಟ್ಟು ಬಿಟ್ಟು ವಿಡಿಯೊ ಹರಿಯಬಿಡುತ್ತಿದ್ದರು. ನಾನು ನೋಡಿಲ್ಲ, ನೋಡುವವಳಲ್ಲ. ಫಕೀರವ್ವನವರ ಮುಖದಲ್ಲಿ ಕಂಡಷ್ಟೇ ನನಗೆ ಗೊತ್ತು. ಅವರು ತೆಗಿ ಎಂದು ಸುಮ್ಮನಾಗಲಿಲ್ಲ. ತೆಗೆಸಿದ ಮೇಲೂ ಆ ಚೂರುಗಳನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಗೋಡೆಯ ಬಣ್ಣ, ಕಿಟಕಿಯ ಬೆಳಕು, ಹಿಂದಿನ ಸದ್ದು, ಎಲ್ಲಾದರೂ ಜಾಗದ ಗುರುತು ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು. ಗುರುತು ಹುಡುಕಲು ಇನ್ನೂ ಇಟ್ಟುಕೊಂಡಿರುವ ಯಂತ್ರ ತನ್ನ ಕೆಲಸ ಮುಗಿಸಿ, ಮಣ್ಣಿನ ಗೋಡೆ, ಪಾತ್ರೆಯ ಸದ್ದು ಎಂದು ಹೇಳಿ ಕೈ ತೊಳೆದುಕೊಂಡಿತ್ತು.

ಎಷ್ಟು ಸಲ ನೋಡಿದರೋ. ಒಂದು ದಿನ ನಾನು ಗಮನಿಸಿದೆ, ಅವರ ಹುಬ್ಬು ಏರಲಿಲ್ಲ. ತೆರೆಯಿಂದ ಮಗುವಿನ ಅಳು ನನ್ನ ಬೆನ್ನಿಗೆ ಬಡಿಯುತ್ತಿತ್ತು, ಅವರ ಕೈ ಒಂದೇ ಸಮನೆ ಶೇಂಗಾ ಸುಲಿಯುತ್ತಿತ್ತು. ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಾಯಿತು.

ಅಂದು ಮನೆಗೆ ಹೊರಟಾಗ ನಿಲ್ದಾಣದಲ್ಲಿ ಅವರು ನನ್ನ ರಟ್ಟೆ ಹಿಡಿದರು. "ಹಾಲವ್ವಾ, ಒಂದು ಮಾತು. ಆ ಕೂಸು ಸಿಗೂತನಕ ನನ್ನ ಕೇಳಬ್ಯಾಡ."

"ಏನ್ ಕೇಳಬ್ಯಾಡ್ರಿ ಅಕ್ಕಾರ?"

"ಗೊತ್ತಿಲ್ದವರಂಗ ಮಾಡಬ್ಯಾಡ. ನಾ ಎದ್ರ ಆ ಕುರ್ಚಿಗಿ ಹೊಸಬರು ಬರ್ತಾರ. ಅವರು ಮೊದ್ಲಿಂದ ನೋಡಬೇಕು. ಅಷ್ಟ್ರಾಗ ಆ ಕೂಸಿಂದು ಏನಾಕ್ಕತೋ."

"ನಿಮ್ದ ಏನಾಕ್ಕತ್ರಿ?" ಎಂದು ಕೇಳಿದೆ.

"ನಂದೇನೈತಿ, ಬಿಡ," ಎಂದರು. ಬಂಡಿ ಬಂತು, ಹತ್ತಿ ಹೋದರು. ಅಂದು ನನ್ನ ಸೆರಗಿಗೆ ಶೇಂಗಾ ಹಾಕುವುದನ್ನು ಮರೆತಿದ್ದರು.

ಅಕ್ಕಾ, ಆ ದಿನಗಳನ್ನು ಹೇಗೆ ಕಳೆದೆನೋ ಹೇಳಲಾರೆ. ಕೇಳಿದರೆ ಆ ಮಗುವಿನ ದಾರಿ ಮುಚ್ಚುತ್ತದೆ. ಕೇಳದಿದ್ದರೆ ನನ್ನ ಕಣ್ಣೆದುರಿಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಫಕೀರವ್ವನವರು ಕಲ್ಲಾಗುತ್ತಾರೆ. ಹೆಪ್ಪು ಪೂರ್ತಿಯಾದವರನ್ನು ನಾನು ಕಂಡಿದ್ದೇನೆ. ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ. ಮೊಮ್ಮಗು ಬಿದ್ದು ಮೊಣಕಾಲು ಒಡೆದುಕೊಂಡರೆ ನೋಡುತ್ತ ಕೂತಿರುತ್ತಾರೆ, ಎತ್ತಿಕೊಳ್ಳಬೇಕು ಎಂಬುದು ಅವರಿಗೆ ಹೊಳೆಯುವುದಿಲ್ಲ.

ಅಷ್ಟರಲ್ಲಿ ಎಳ್ಳಮಾಸಿ ಹಬ್ಬ ಬಂತು. ಈಗ ಜನ ಮೆತ್ತನೆಯ ರೊಟ್ಟಿಯನ್ನೇ ಕೊಂಡು ತಿನ್ನುತ್ತಾರೆ. ಎಳ್ಳಮಾಸಿಗೆ ಮಾತ್ರ ನಮ್ಮವ್ವ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿದು, ಖಡಕ್ಕಾಗಿ ಒಣಗಿಸಿ, ಬುಟ್ಟಿಯಲ್ಲಿ ಒಟ್ಟುತ್ತಾಳೆ. ಹೊಲದಲ್ಲಿ ಊಟಕ್ಕೆ ಕೂತಾಗ ಅವಳು ನನ್ನ ಪಕ್ಕದಲ್ಲಿ ಒಂದು ರೊಟ್ಟಿ ಮುರಿದಳು. ಕಟ್. ಕರಕರ. ಕಟ್. ಆ ಸದ್ದು ನನಗೆ ಬಾಯಿಪಾಠವಾಗಿತ್ತು. ನಾನೂ ಒಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದೆ. ಇನ್ನೊಂದು ಮುರಿದೆ.

"ಏನ ಹುಡುಗಿ, ರೊಟ್ಟಿ ಕಿವಿಗಿ ಹಚ್ಕೊಂಡಿ? ಬಾಯಿ ಇಲ್ಲೇನ ನಿನಗ?" ಎಂದಳು ನಮ್ಮವ್ವ.

ನಿಮ್ಮ ಧ್ವನಿಮುದ್ರಣ ಕೆಟ್ಟಿರಲಿಲ್ಲ ಅಕ್ಕಾ. ನೀವು ರೊಟ್ಟಿ ಮುರಿಯುತ್ತಿದ್ದಿರಿ.

ಹೊಲದಿಂದ ನೇರ ನೋಡುಮನೆಗೆ ಬಂದು ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದೆ. ಇಷ್ಟು ದಿನ ಕೆಟ್ಟ ಸದ್ದು ಎಂದು ಆ ಜಾಗದಲ್ಲಿ ಕಿವಿ ಹಿಂದೆ ಸರಿಯುತ್ತಿತ್ತು. ಊಟದ ಸದ್ದು ಎಂದು ತಿಳಿದ ಮೇಲೆ ಕಿವಿ ಅದರ ಒಳಗೆ ಹೋಯಿತು. ಒಳಗೆ ನೀವಿಬ್ಬರೂ ಇದ್ದಿರಿ.

"ನಾ ಈಗ ನೋಡಿದ್ದು, ಅಕ್ಕಾರ…" ಎನ್ನುತ್ತಾಳೆ ಶಮೀಮಾ.

"ಹೇಳಬ್ಯಾಡ. ನಾನೂ ಹೇಳಂಗಿಲ್ಲ. ಮೊದ್ಲ ತಿನ್ನ. ಜುಣಕದ ವಡಿ ತಂದೀನಿ."

ಕರಕರ. ಬಹಳ ಹೊತ್ತು ಬರೀ ಕರಕರ. ಆಮೇಲೆ ಶಮೀಮಾ, "ಉಪ್ಪು ಜಾಸ್ತಿ ಆಗೇತ್ರಿ."

"ಅದನ್ನ ನಿಮ್ಮತ್ತಿ ಅಡಗಿಗೆ ಹೇಳ, ಧೈರ್ಯ ಇದ್ರ!"

ಒಬ್ಬಳು ಮೂಗಿನಲ್ಲಿ ನಗುತ್ತಾಳೆ. ಅದು ಅಳುವೂ ಇರಬಹುದು, ಬಾಯಿ ತುಂಬ ರೊಟ್ಟಿ ಇದ್ದರೆ ಎರಡೂ ಒಂದೇ ಥರ ಕೇಳುತ್ತವೆ. ಕೊನೆಗೆ ನಿಮ್ಮ ದನಿ, "ನಡಿ, ಕುಂಡ್ರೂನು." ಮತ್ತೆ ಕುರ್ಚಿ ಎಳೆದ ಸದ್ದು. ಮತ್ತೆ ಬೆರಳು ಗುಂಡಿ ಒತ್ತುವ ಸದ್ದು.

ನಮ್ಮ ಇಡೀ ನಿಯಮ ನಿಂತದ್ದು ನಿಮ್ಮ ಊಟದ ಡಬ್ಬಿಯ ಮೇಲೆ. ಅದು ಗೊತ್ತು ಮಾಡಿಕೊಂಡ ಮಾತಾಗಿರಲಿಲ್ಲ. ನೀವು ನಿಜವಾಗಿಯೂ ಊಟ ಆಯಿತೇ ಎಂದು ಕೇಳಿದ್ದಿರಿ.

ಮರುದಿನ ನಾನು ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ನೋಡುಮನೆಗೆ ಹೋದೆ. ಜುಣಕದ ವಡಿ, ಖಾರದ ಕೆಂಪಿಂಡಿ, ಒಂದು ಗಡ್ಡೆ ಉಳ್ಳಾಗಡ್ಡಿ. ಫಕೀರವ್ವನವರು ಕೂತರು. ತೆರೆ ಬೆಳಗಿತು. ಅವರ ಕೈ ಶೇಂಗಾ ಸುಲಿಯತೊಡಗಿತು, ನಿಲ್ಲಲಿಲ್ಲ. ಮಧ್ಯಾಹ್ನವಾಗಿತ್ತು, ಕಿಟಕಿಯ ಬಿಸಿಲು ಅವರ ಕೈಮೇಲೆ ಬಿದ್ದಿತ್ತು. ನಾನು ಕೇಳಿದೆ. ದನಿ ಹೊರಗೆ ಬರಲಿಲ್ಲ. ಇನ್ನೊಮ್ಮೆ ಕೇಳಿದೆ, ಈ ಸಲ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

"ಅಕ್ಕಾರ, ಊಟ ಆತೇನ್ರಿ?"

ಶೆಡ್ಡಿನಲ್ಲಿ ಎಲ್ಲರ ಕೈಯೂ ನಿಂತಿತು. ಅಷ್ಟು ಹೊತ್ತೂ ಮಳೆಹನಿಯ ಹಾಗೆ ಕೇಳುತ್ತಿದ್ದ ಸಿಪ್ಪೆಯ ಸದ್ದು ಒಮ್ಮೆಗೇ ಇಲ್ಲವಾಯಿತು. ಫಕೀರವ್ವನವರು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಕೇಳೇಬಿಟ್ಟಿ," ಎಂದು ಬುಟ್ಟಿ ಕೆಳಗಿಟ್ಟು ಎದ್ದರು.

ನಾನು ಬಟ್ಟೆ ಬಿಚ್ಚಿದೆ. "ಎದ್ದು ಹೋಗಬ್ಯಾಡ್ರಿ. ಕೇಳಿದ್ದಕ್ಕ ಉತ್ತರ ಹೇಳ್ರಿ. ಆಗೇತೋ ಇಲ್ಲೋ?"

ಅವರು ನಿಂತೇ ಇದ್ದರು. ಹಣೆ ಗಂಟಿಕ್ಕಿ ಯೋಚಿಸಿದರು. ನಿಜವಾಗಿ ಯೋಚಿಸಿದರು. "ನೆನಪಿಲ್ಲ ನೋಡವಾ," ಎಂದರು ಕೊನೆಗೆ. "ಇವತ್ತಿಂದೂ ನೆನಪಿಲ್ಲ. ನಿನ್ನಿದೂ ಇಲ್ಲ."

ನೋಡುಮನೆ ನಡೆಸುವ ಈರಣ್ಣನವರು ಓಡಿ ಬಂದರು. ಕೇಳಿದ ಮೇಲೆ ತೆರೆಗಾರ್ತಿಯನ್ನು ಬಾಗಿಲವರೆಗೆ ಕರೆದೊಯ್ಯುವುದು ಅವರ ಕೆಲಸ. "ಏನ್ರೀ ಇದು? ರೊಟ್ಟಿ ಯಾಕ?" ಎಂದರು. ಎದ್ದು ಹೋಗಿ ಗೋಡೆಯ ಬಳಿಯ ಪೆಟ್ಟಿಗೆಯಲ್ಲಿ ನಿಮ್ಮ ಧ್ವನಿಮುದ್ರಣ ಹಚ್ಚಿದೆ. ಕುರ್ಚಿ ಎಳೆದ ಸದ್ದು ಬಂತು, ಕರಕರ ಬಂತು. ಆಗ ನಾನು ಒಂದು ರೊಟ್ಟಿ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಮುರಿದೆ.

ಈರಣ್ಣನವರು ಪೆಟ್ಟಿಗೆಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಮತ್ತೊಮ್ಮೆ ಹಚ್ಚು ಎಂದರು. ಕೊನೆಯ ಕುಂಡ್ರೂನು ಎಂಬ ಮಾತಿನವರೆಗೆ ತಲೆ ಬಗ್ಗಿಸಿ ಕೇಳಿದರು. "ಇಷ್ಟ ವರ್ಷ," ಎಂದರು, "ರೊಟ್ಟಿ ಸಪ್ಪಳ ಕೇಳಿ ಮಂದೀನ ಮನೀಗಿ ಕಳಿಸೇವಲ್ಲೋ ಯಪ್ಪಾ." ಆಮೇಲೆ ಪೆಟ್ಟಿಗೆ ಮುಚ್ಚಿ, "ಎದ್ದು ಹೋಗಬೇಕು ಅನ್ನೂದು ಖರೆ. ಉಣ್ಣಾಕ ಹೋಗಬೇಕು. ವಾಪಸ್ ಬರಬಾರದು ಅಂತ ಅಕ್ಕಾರು ಎಲ್ಲೆ ಹೇಳ್ಯಾರ?" ಎಂದರು.

ಫಕೀರವ್ವನವರು ಕಿಟಕಿಯ ಬಳಿ ನೆಲದ ಮೇಲೆ ಕೂತು ತಿಂದರು. ಮೊದಲ ತುತ್ತು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಅಗಿಯಲೇ ಇಲ್ಲ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. "ಖಾರ ಹಾಕಿದ್ದ ನೀನೋ ನಿಮ್ಮವ್ವನೋ?" ಎಂದರು. ನಮ್ಮವ್ವ ಎಂದೆ. "ಅದಕ್ಕ," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ರೊಟ್ಟಿ ಕೇಳಿದರು.

ಒಂದು ಊಟಕ್ಕೆ ಹೆಪ್ಪು ಒಡೆಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನೀವೂ ನಂಬುವುದಿಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೆಲವು ದಿನ ಅವರು ಮನೆಯಲ್ಲಿದ್ದರು. ಆ ಮಗುವಿನ ಚೂರುಗಳನ್ನು ಬೇರೆಯವರು ಸರದಿಯ ಮೇಲೆ ನೋಡಿದರು. ಅವರು ಹಿತ್ತಲಿನಲ್ಲಿ ಮೆಂತ್ಯ ಬಿತ್ತಿದರು, ಸೊಸೆಯ ಜೊತೆ ಜಗಳವಾಡಿದರು, ನಿದ್ದೆ ಮಾಡಿದರು. ನಾನು ದಿನವೂ ಹೋಗಿ ಒಂದೇ ಮಾತು ಕೇಳಿ ಬರುತ್ತಿದ್ದೆ. ಮೊದಲು ಸೊಸೆ ಹೆದರಿದಳು. ಆಮೇಲೆ ಅವಳೂ ಕೇಳಲು ಕಲಿತಳು.

ಅವರು ಮತ್ತೆ ಕುರ್ಚಿಗೆ ಬಂದ ದಿನ ನಾನು ಎದುರಿಗೆ ಕೂತಿದ್ದೆ. ಅದೇ ಹಳೆಯ ಚೂರು, ಎಷ್ಟೋ ಸಲ ನೋಡಿದ್ದು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಕೈ ನಿಂತಿತು. ಬೆರಳುಗಳ ನಡುವೆ ಒಂದು ಶೇಂಗಾ ಹಾಗೇ ಇತ್ತು.

"ಇನ್ನೊಮ್ಮೆ ಹಾಕ್ರಿ," ಎಂದರು. ಕಣ್ಣು ಮುಚ್ಚಿ ಕೇಳಿದರು. "ಪಾತ್ರೆ ಅಲ್ಲ ಅದು. ಬಂಡಿ ಗಂಟಿ. ಸೀಳಿದಂಗೈತಿ. ಮುಂಡರಗಿದು."

ಕಲ್ಲಾಗಿದ್ದ ದಿನಗಳಲ್ಲಿ ಅದೇ ಗಂಟೆ ಅವರ ಕಿವಿಯ ಮುಂದೆ ಎಷ್ಟು ಸಲ ಬಾರಿಸಿತ್ತೋ. ನೋಡುವುದನ್ನು ಬಿಡಬಾರದು ಎಂದು ಹಟ ಹಿಡಿದವರಿಗೆ ಕೇಳಿಸುವುದು ನಿಂತುಹೋಗಿತ್ತು. ಈರಣ್ಣನವರು ಜನರನ್ನು ಕಳಿಸಿದರು. ಮುಂಡರಗಿಯ ನಿಲ್ದಾಣದ ಹಿಂದಿನ ಮಣ್ಣಿನ ಮನೆಗಳಲ್ಲಿ ಹುಡುಕಿದರು. ಮಗು ಸಿಕ್ಕಿತು. ಜೀವಂತವಾಗಿ ಸಿಕ್ಕಿತು. ಸುದ್ದಿ ಬಂದಾಗ ಶೆಡ್ಡಿನಲ್ಲಿ ಕೆಲವರು ಅತ್ತರು. ಫಕೀರವ್ವನವರು ಅಳಲಿಲ್ಲ. ಬಂದವರನ್ನು, "ಈಗ ಮಕ್ಕೊಂಡೈತೇನ್ರಿ ಕೂಸು?" ಎಂದು ಕೇಳಿದರು. ಮಲಗಿದೆ ಎಂದರು. ಹಾಗಾದರೆ ಎಬ್ಬಿಸಬೇಡಿ ಎಂದು, ಅದು ಪಕ್ಕದ ಕೋಣೆಯಲ್ಲೇ ಇದೆಯೇನೋ ಎಂಬಂತೆ, ದನಿ ತಗ್ಗಿಸಿದರು.

ಅವರ ಎಡ ಹುಬ್ಬು ಇನ್ನೂ ಪೂರ್ತಿ ಏರುವುದಿಲ್ಲ. ಮುಂದೆಯೂ ಏರಲಿಕ್ಕಿಲ್ಲ. ಅದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇಷ್ಟು ವರ್ಷಗಳಾದರೂ, ಇಷ್ಟು ಪದ್ಧತಿ ಮಾಡಿಕೊಂಡರೂ, ನೋಡಿದವರ ಒಳಗೆ ನೋಡಿದ್ದು ಉಳಿಯುತ್ತದೆ. ನಾವು ಕಂಡುಕೊಂಡದ್ದು ಸಣ್ಣದು: ಅವರ ಎದುರಿಗೆ ಯಾರಾದರೂ ಕೂತಿರಬೇಕು. ಅದನ್ನೂ ನಾವು ಕಂಡುಕೊಳ್ಳಲಿಲ್ಲ, ನಿಮ್ಮಿಂದ ತಪ್ಪಾಗಿ ಕಲಿತು, ರೊಟ್ಟಿಯಿಂದ ತಿದ್ದಿಕೊಂಡೆವು.

ಈಗ ಗದಗಿನಲ್ಲಿ ನೋಡುಮನೆಯ ಬಾಗಿಲಿಗೆ ರೊಟ್ಟಿಯ ಬುಟ್ಟಿ ಬಂದಿದೆ. ಹಿಂದೆ ಎದ್ದು ಹೋದವರ ಮನೆಗಳಿಗೆ ಈರಣ್ಣನವರೇ ಹೋಗಿ, ಬರುವಂತಿದ್ದರೆ ಬನ್ನಿ, ಬರದಿದ್ದರೂ ಊಟಕ್ಕೆ ಬನ್ನಿ ಎಂದು ಕರೆದು ಬರುತ್ತಿದ್ದಾರೆ. ಕೆಲವರು ಬಾಗಿಲು ತೆರೆಯಲಿಲ್ಲ. ಅದು ಅವರ ಹಕ್ಕು.

ನೀವು ಯಾರಿಗೂ ಕಾಣದ ಹಾಗೆ ಒಂದು ಕೋಣೆಯಲ್ಲಿ ಕೂತಿದ್ದಿರಿ. ನಿಮ್ಮ ಹೆಸರನ್ನು ಯಾರೂ ಎಲ್ಲೂ ಬರೆಯಲಿಲ್ಲ. ಶಮೀಮಾ ಅಂದು ಕರೆಯದಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ. ಜುಣಕಕ್ಕೆ ಉಪ್ಪು ಜಾಸ್ತಿ ಹಾಕುವ ಒಬ್ಬ ಹೆಂಗಸು, ಲೋಕದ ಕೊಳೆಯನ್ನೆಲ್ಲ ಕಣ್ಣಿನಲ್ಲಿ ತುಂಬಿಕೊಂಡು, ಪಕ್ಕದ ಹುಡುಗಿಯ ಬೆರಳು ನಿಂತದ್ದನ್ನು ಕೇಳಿಸಿಕೊಂಡಳು. ನಿಮ್ಮ ಕಿವಿಗೆ ಹೆಪ್ಪು ಬಿದ್ದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ನಿಮ್ಮ ಮೇಲೆ ಬಹಳ ಗೌರವ ಬರುತ್ತದೆ, ಅದನ್ನು ಚೆನ್ನಾಗಿ ಹೇಳುವ ಪದ ನನ್ನ ಐದು ತರಗತಿಗಳಲ್ಲಿ ಕಲಿಸಲಿಲ್ಲ.

ಒಂದು ಬೇಡಿಕೆ ಇದೆ. ಆ ಧ್ವನಿಮುದ್ರಣವನ್ನು ನಾನು ಈಗಲೂ ಕೇಳುತ್ತೇನೆ. ನೀವು ಕೇಳುತ್ತೀರಿ, ಶಮೀಮಾ ಹೇಳುತ್ತಾಳೆ. ನೀವು ಬಡಿಸುತ್ತೀರಿ, ಅವಳು ತಿನ್ನುತ್ತಾಳೆ. ನಡಿ ಕುಂಡ್ರೂನು ಎಂದು ನೀವು ಮತ್ತೆ ಕೆಲಸಕ್ಕೆ ಕೂರುತ್ತೀರಿ. ಆದಿಯಿಂದ ಕೊನೆಯವರೆಗೆ ಹುಡುಕಿದೆ, ನಿಮ್ಮನ್ನು ಯಾರೂ ಆ ಮಾತು ಕೇಳುವುದಿಲ್ಲ. ಆದ್ದರಿಂದ ಯಾರಾದರೂ ಕೇಳಿದಾಗ ಆಗೇತಿ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬೇಡಿ. ನೀವು ಅಂಥವರು ಎಂದು ನಿಮ್ಮ ದನಿಯಲ್ಲೇ ಗೊತ್ತಾಗುತ್ತದೆ.

ಹೊತ್ತು ಇಳಿಯುತ್ತಿದೆ. ಜನ ಗುಡ್ಡದ ಕಡೆಗೆ ಮುಖ ಮಾಡಿ ನಿಂತಿದ್ದಾರೆ. ಫಕೀರವ್ವನವರು ಪಕ್ಕದಲ್ಲಿ ನಿಂತು, ಗಟ್ಟಿಯಾಗಿ ಓದು, ಚಪ್ಪಲಿ ನೋಡಬೇಡ ಎನ್ನುತ್ತಿದ್ದಾರೆ. ಓದುತ್ತೇನೆ. ಬಾಯಿ ಎದ್ದರೂ ಏಳದಿದ್ದರೂ ಕೊನೆಯ ಸಾಲನ್ನಂತೂ ನಿಮಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ.

ದಾನೇಶ್ವರಿ ಅಕ್ಕಾರ, ಊಟ ಆತೇನ್ರಿ?

ನಿಮ್ಮ ತಂಗಿ,
ಹಾಲವ್ವ